ಮೂರನೇ ಹಲ್ಲಿಲ್ಲದ ಇಕ್ಕಳ

"ಎಡಗಡೆ ನೋಡಿದ್ರಾ ಅಕ್ಕಾ?"

ಸಾರ್ಜೆಂಟ್ ಓಬಿರಿ ಇದನ್ನು ಕೇಳಿದ್ದು ಮೂರನೇ ಸಲ. ಠಾಣೆಯ ಅಂಗಳದ ತಗಡಿನ ಮಾಡಿನ ಕೆಳಗೆ ನಿಲ್ಲಿಸಿದ್ದ ಬಸ್ಸಿನ ಅಡಿಯಲ್ಲಿ ನಾನು ಅಂಗಾತ ಮಲಗಿದ್ದೆ, ಕಣ್ಣಿಗೆ ಒಣಗಿದ ಮಣ್ಣು ಉದುರುತ್ತಿತ್ತು. ಅಲ್ಲಿಂದಲೇ ಬೈದೆ.

"ಬಸ್ಸು ಹೋಗಿ ಗುದ್ದಿದ್ದು ಬಲಕ್ಕೆ. ಸತ್ತವನು ಕೂತಿದ್ದೂ ಬಲಕ್ಕೆ. ನೀವು ಎಡ ಎಡ ಅಂತ ನನ್ನ ತಲೆ ತಿನ್ನಬೇಡಿ!"

"ನನಗೇನು ಗೊತ್ತಾಗುತ್ತೆ? ಗಾಡಿ ಅಂದ್ರೆ ನಾಲ್ಕು ಚಕ್ರ, ಒಂದು ಹಾರ್ನು. ಅಷ್ಟೇ ನನ್ನ ವಿದ್ಯೆ." ಓಬಿರಿ ನಕ್ಕು ಬಾಯಿಗೆ ಇನ್ನೊಂದು ಚೂರು ಶುಂಠಿ ಹಾಕಿಕೊಂಡ. ಈ ಮನುಷ್ಯ ಬಾಯಿ ಮುಚ್ಚಿದ್ದನ್ನು ಐದು ದಿನದಲ್ಲಿ ನಾನು ನೋಡಿಲ್ಲ. ಮಾತಿಲ್ಲದಾಗ ಶುಂಠಿ, ಶುಂಠಿ ಇಲ್ಲದಾಗ ಮಾತು.

ಆದರೂ ಅವನನ್ನು ತೀರಾ ಬೈಯುವಂತಿರಲಿಲ್ಲ. ಇಡೀ ಠಾಣೆಯಲ್ಲಿ ನನ್ನನ್ನು ಈ ಅಂಗಳದೊಳಕ್ಕೆ ಬಿಟ್ಟವನು ಅವನೊಬ್ಬನೇ. ಬೆಳಿಗ್ಗೆ ತಮ್ಮನಿಗೆಂದು ಜೋಳದ ಮುದ್ದೆಯಂಥ ಕೆಂಕೆ, ಹುರಿದ ಮೀನು ತಂದಿದ್ದೆ. "ಹೊರಗಿನ ಊಟ ಒಳಗೆ ಬಿಡಲ್ಲ ಅಕ್ಕಾ, ನನ್ನ ಕೈಲಿ ಕೊಡಿ, ನಾನು ತಲುಪಿಸ್ತೀನಿ" ಎಂದು ಡಬ್ಬಿ ಇಸಿದುಕೊಂಡಿದ್ದ. ಅಂಗಳದ ಗೇಟಿನ ಬೀಗದ ಕೈಯೂ ಲಾಕಪ್ಪಿನ ಬೀಗದ ಕೈಯೂ ಅವನ ಸೊಂಟದ ಒಂದೇ ಬಳೆಯಲ್ಲಿ ನೇತಾಡುತ್ತಿದ್ದವು.

ಲಾಕಪ್ಪಿನಲ್ಲಿದ್ದವನು ನನ್ನ ತಮ್ಮ ಬೋಟ್ವೆ. ಐದು ದಿನದ ಹಿಂದೆ ಆಫಿನ್ಸೊ ರಸ್ತೆಯಲ್ಲಿ ಅವನು ಓಡಿಸುತ್ತಿದ್ದ ಈ ಟ್ರೋಟ್ರೋ, ಬಾಡಿಗೆ ಮಿನಿಬಸ್ಸು, ಬಲಕ್ಕೆ ಸರಿದು ಮೋರಿಯ ಗೋಡೆಗೆ ಅಪ್ಪಳಿಸಿತ್ತು. ಹಿಂದೆ ಕೂತಿದ್ದ ಎಂಟು ಜನ ಕೈಕಾಲು ಮುರಿದುಕೊಂಡು ಬದುಕಿದರು. ಮುಂದಿನ ಸೀಟಿನಲ್ಲಿ ಕೂತಿದ್ದ ಬಸ್ಸಿನ ಯಜಮಾನ, ಸ್ಪೇರ್ ಪಾರ್ಟ್ಸ್ ವ್ಯಾಪಾರಿ ಪೆಪ್ರಾ, ಉಳಿಯಲಿಲ್ಲ.

ಚಾಲಕ ನಿದ್ದೆಗಣ್ಣಿನಲ್ಲಿದ್ದ ಎಂದು ಪೊಲೀಸರು ಬರೆದರು. ಗಾಡಿಯಲ್ಲಿ ದೋಷವಿಲ್ಲ ಎಂದೂ ಬರೆದರು. ಯಾರು ನೋಡಿದರು, ಯಾವಾಗ ನೋಡಿದರು, ಯಾವ ಬೋಲ್ಟು ಬಿಚ್ಚಿದರು? ಹೇಳುವವರಿಲ್ಲ. ಇವತ್ತು ಶುಕ್ರವಾರ. ನಾಳೆ ಪೆಪ್ರಾನ ಮಣ್ಣು, ನಾಳೆಯೇ ಈ ಬಸ್ಸು ಗುಜರಿಯವರ ಪಾಲು. ಸೋಮವಾರ ಬೋಟ್ವೆಯನ್ನು ಕೋರ್ಟಿಗೆ ಒಯ್ಯುತ್ತಾರೆ. ನನ್ನ ಕೈಯಲ್ಲಿದ್ದದ್ದು ಈ ಒಂದು ಹಗಲು.

ಕುಮಾಸಿಯ ಮ್ಯಾಗಜೀನಿನಲ್ಲಿ, ಅಂದರೆ ಊರಿನ ಗ್ಯಾರೇಜುಗಳ ಪೇಟೆಯಲ್ಲಿ, ಇಪ್ಪತ್ತೆರಡು ವರ್ಷದಿಂದ ಗಾಡಿಯ ಮುಂಭಾಗ ರಿಪೇರಿ ಮಾಡುತ್ತಿದ್ದೇನೆ. "ಸಾರ್ಪೋಮಾ ಸ್ಟಿಯರಿಂಗು ಮುಟ್ಟಿದರೆ ಗಾಡಿ ನೆಟ್ಟಗೆ ಹೋಗುತ್ತೆ" ಎಂದು ಗಂಡಸು ಫಿಟ್ಟರುಗಳೂ ಹೊಟ್ಟೆಕಿಚ್ಚಿನಲ್ಲೇ ಒಪ್ಪುತ್ತಾರೆ. ಒಂದು ಕಡೆಗೆ ಎಳೆಯುವ ಗಾಡಿ ಬಂದರೆ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ಯಾವಾಗ ಎಳೆಯುತ್ತೆ? ಸದಾ ಎಳೆಯುತ್ತೋ, ಬ್ರೇಕ್ ಒತ್ತಿದಾಗ ಮಾತ್ರವೋ? ಆಮೇಲೆ ಓಡಿಸಿ ನೋಡುತ್ತೇನೆ, ಎಡಬಲದ ಟೈರು ಅದಲುಬದಲು ಮಾಡಿ ಮತ್ತೆ ಓಡಿಸುತ್ತೇನೆ.

ಈ ಬಸ್ಸನ್ನು ಓಡಿಸುವಂತಿರಲಿಲ್ಲ. ಪ್ರಶ್ನೆಗೆ ಉತ್ತರ ಠಾಣೆಯ ಕಾಗದದಲ್ಲಿತ್ತು. ಬೋಟ್ವೆಯ ಹೇಳಿಕೆಯೆಂದು ಓಬಿರಿಯೇ ಬರೆದುಕೊಂಡ ಕಾಗದ: ಬ್ರೇಕ್ ಒತ್ತಿದೆ, ಗಾಡಿ ಬಲಕ್ಕೆ ಎಳೆಯಿತು.

ಟೈರು ನೋಡಿದೆ. ನಾಲ್ಕೂ ಒಂದೇ ಸಮ ಸವೆದಿದ್ದವು. ಸ್ಟಿಯರಿಂಗಿನ ರಾಡು ತುಂಡಾಗಿತ್ತು, ಆದರೆ ಮುರಿದ ಬಾಯಿ ಬೆಳ್ಳಗೆ ಹೊಳೆಯುತ್ತಿತ್ತು. ಅದು ಗುದ್ದಿದಾಗ ಮುರಿದದ್ದು, ಮೊದಲೇ ಬಿರುಕು ಬಿಟ್ಟಿದ್ದರೆ ಒಳಗೆ ತುಕ್ಕಿರುತ್ತಿತ್ತು. ಜಪಾನಿನಿಂದ ಬಂದಾಗ ಈ ಬಸ್ಸಿನ ಸ್ಟಿಯರಿಂಗು ಬಲಗಡೆ ಇತ್ತು, ನಮ್ಮವರು ಎಡಕ್ಕೆ ದಾಟಿಸಿದ್ದು. ಅಂಥ ಗಾಡಿಗಳು ಬಲಕ್ಕೆ ಒಂದಿಷ್ಟು ವಾಲುತ್ತವೆ, ನಿಜ. ಎರಡು ಬೆರಳಲ್ಲಿ ಹಿಡಿದರೆ ನಿಲ್ಲುತ್ತವೆ. ಮೋರಿಗೆ ಹೋಗಿ ಬೀಳುವುದಿಲ್ಲ.

ಬಲಗಡೆಯ ಚಕ್ರಕ್ಕೆ ಮಣ್ಣು ಮೆತ್ತಿತ್ತು. ಬ್ರೇಕಿನ ಡಿಸ್ಕನ್ನು ಹೆಬ್ಬೆರಳಿನಿಂದ ಒರೆಸಿದೆ. ಮಣ್ಣಿನ ಕೆಳಗೆ ಏನೋ ನೀಲಿ ಛಾಯೆ. ಇನ್ನಷ್ಟು ಒರೆಸಬೇಕು ಅನ್ನುವಷ್ಟರಲ್ಲಿ ಈ ಓಬಿರಿಯ ರಗಳೆ ಶುರುವಾಗಿತ್ತು.

"ಒಂದ್ಸಲ ಎಡಗಡೆ ನೋಡಿಬಿಡಿ ಅಕ್ಕಾ. ನಿಮ್ಮ ಸಮಾಧಾನಕ್ಕಲ್ಲ, ನನ್ನ ಸಮಾಧಾನಕ್ಕೆ."

ಅವನ ಬಾಯಿ ಮುಚ್ಚಿಸಲಿಕ್ಕೆಂದೇ ಎಡಗಡೆಗೆ ಹೊರಳಿದೆ. ಎಡ ಡಿಸ್ಕಿನಲ್ಲಿ ನನ್ನ ಮುಖ ಕಾಣುತ್ತಿತ್ತು, ಅಷ್ಟು ಹೊಳಪು. ಅದರ ಮೇಲಿನ ಬ್ರೇಕ್ ಪೈಪಿನ ನಟ್ಟಿಗೆ ಕೈ ಹಾಕಿದೆ. ಕೈ ಹೊರಗೆ ಚಾಚುವ ಮೊದಲೇ ಓಬಿರಿ ಹತ್ತನೇ ನಂಬರಿನ ಸ್ಪ್ಯಾನರನ್ನು ನನ್ನ ಅಂಗೈಗೆ ಇಟ್ಟ. ನಟ್ಟು ತಿರುಗಿಸಿದೆ. ಎಣ್ಣೆ ಜಿನುಗಿತು. ಪೈಪಿನ ಬಾಯಲ್ಲಿ ಏನೋ ಸಿಕ್ಕಿಕೊಂಡಿತ್ತು. ಸೂಜಿಯಿಂದ ಮೀಟಿ ತೆಗೆದೆ.

ಕತ್ತರಿಸಿದ ಮೊಳೆಯ ತುಂಡು. ಕಡಲೆಕಾಳಿನಷ್ಟು.

ಮ್ಯಾಗಜೀನಿನಲ್ಲಿ ಇದನ್ನು ಅರಿಯದವರಿಲ್ಲ. ಒಂದು ಚಕ್ರದ ಬ್ರೇಕ್ ಸೋರಿದರೆ ಹೊಸ ಸಾಮಾನು ಹಾಕುವ ಬದಲು ಅದರ ಪೈಪಿಗೆ ಬೆಣೆ ಜಡಿದು ಮುಚ್ಚುವುದು, ಉಳಿದ ಮೂರು ಚಕ್ರದ ಮೇಲೆ ಗಾಡಿ ಬಿಟ್ಟುಬಿಡುವುದು. ಎಡಗಡೆ ಮುಚ್ಚಿದರೆ ಬ್ರೇಕ್ ಒತ್ತಿದಾಗ ಮುಂದೆ ಬಲಗಡೆಯ ಚಕ್ರ ಮಾತ್ರ ಕಚ್ಚುತ್ತದೆ. ಗಾಡಿ ಬಲಕ್ಕೆ ಎಳೆಯುತ್ತದೆ. ಮೋರಿ. ಪೆಪ್ರಾ. ನನ್ನ ತಮ್ಮ.

"ಏನಕ್ಕಾ ಅದು?" ಓಬಿರಿ ಬಗ್ಗಿ ನೋಡಿದ.

"ನನ್ನ ತಮ್ಮನ ಬಿಡುಗಡೆ," ಅಂದೆ.

"ಈ ಬಸ್ಸಿನ ಬ್ರೇಕ್ ಕೆಲಸ ಕೊನೆಗೆ ಮಾಡಿದ್ದು ಯಾರು?" ಓಬಿರಿ ಕೇಳಿದ.

ಅದು ಅವನಿಗೂ ಗೊತ್ತಿತ್ತು, ಊರಿಗೇ ಗೊತ್ತಿತ್ತು. ಹೆಸರು ನನ್ನ ಬಾಯಿಂದ ಬರಲಿ ಅಂತ ಕಾದ. ಜಾಮೆರಾ. ನನಗೆ ಕೆಲಸ ಕಲಿಸಿದ ಮಾಸ್ಟರ್ ಜಾಮೆರಾ. ಹೋದ ತಿಂಗಳು ಫಿಟ್ಟರುಗಳ ಸಂಘದ ಸಭೆಯಲ್ಲಿ ಪೆಪ್ರಾನ ಮೇಲೆ ಕುರ್ಚಿ ಎತ್ತಿದ್ದ ಜಾಮೆರಾ.

ಎಡಬಲದ ಎರಡೂ ರಬ್ಬರ್ ಪೈಪುಗಳನ್ನು ಬಿಚ್ಚಿ ಗೋಣಿಚೀಲಕ್ಕೆ ತುಂಬಿಕೊಂಡೆ. ಒಂದು ಬದಿ ಬಿಚ್ಚಿದರೆ ಇನ್ನೊಂದನ್ನೂ ಬಿಚ್ಚಬೇಕೆಂದು ಕಲಿಸಿದವನೂ ಅದೇ ಮುದುಕ. ಓಬಿರಿಯ ಬೈಕಿನ ಹಿಂದೆ ಹತ್ತಿ ಕೂತೆ. ಬೈಕಿಗೆ ನೇತುಹಾಕಿದ್ದ ಚೀಲವೊಂದು ದಾರಿಯುದ್ದಕ್ಕೂ ನನ್ನ ಮೊಣಕಾಲಿಗೆ ಬಡಿಯುತ್ತಿತ್ತು. ಅದೇನೆಂದು ಕೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ.

* * *

ಜಾಮೆರಾನ ಶೆಡ್ಡು ಖಾಲಿ ಇತ್ತು. ಕೆಲಸಗಾರರಲ್ಲಿ ಅರ್ಧ ಜನ ಶುಕ್ರವಾರದ ನಮಾಜಿಗೆ, ಇನ್ನರ್ಧ ಊಟಕ್ಕೆ ಹೋಗಿದ್ದರು. ಮುದುಕ ಯಾವುದೋ ಕಾರಿನಿಂದ ಕಿತ್ತ ಸೀಟಿನ ಮೇಲೆ ಕೂತು ರೇಡಿಯೋ ಕೇಳುತ್ತಿದ್ದ. ಎರಡು ಕಣ್ಣಿಗೂ ಪೊರೆ ಬಂದು ನಾಲ್ಕು ವರ್ಷ. ಈಗ ಕೈಯಿಂದ ಮುಟ್ಟಿ, ಕಿವಿಯಿಂದ ಕೇಳಿ ಕೆಲಸ ಹೇಳುತ್ತಾನೆ, ಬೇರೆಯವರು ಮಾಡುತ್ತಾರೆ.

"ಸಾರ್ಪೋಮಾ," ಅಂದ, ನಾನು ಬಾಯಿ ತೆರೆಯುವ ಮೊದಲೇ. "ಹೆಜ್ಜೆ ನೋಡಿದರೆ ಯಾರನ್ನೋ ಕೊಲ್ಲೋಕೆ ಬಂದ ಹಾಗಿದೆ."

ಮೊಳೆಯ ತುಂಡನ್ನು ಬೆಂಚಿನ ಮೇಲೆ ಎಸೆದೆ. ಅದು ಟಣ್ ಎಂದು ಹಾರಿ ಅವನ ಮುಂದೆ ನಿಂತಿತು.

"ಪೆಪ್ರಾನ ಬಸ್ಸಿನ ಎಡಗಡೆ ಪೈಪಲ್ಲಿ ಸಿಕ್ತು. ಬೆಣೆ ಹೊಡೆದಿದ್ದಕ್ಕೆ ನನ್ನ ಬೆನ್ನ ಮೇಲೆ ಬೆಲ್ಟು ಮುರಿದೋರು ನೀವು. ಊಟಕ್ಕೆ ಕರೀದೆ ಮೂರು ದಿನ ಹೊರಗೆ ಕೂರಿಸಿದೋರು ನೀವು. ಈಗ ನೀವೇ? ಒಂದು ಜಗಳಕ್ಕೋಸ್ಕರ? ಒಬ್ಬ ಸತ್ತ, ನನ್ನ ತಮ್ಮ ಜೈಲಲ್ಲಿ ಕೊಳೀತಾನೆ, ನೀವು ಇಲ್ಲಿ ಕೂತು ರೇಡಿಯೋ ಕೇಳ್ತಿದೀರಾ?"

"ಕೂಗಬೇಡ."

"ಕೂಗ್ತೀನಿ! ಇಡೀ ಮ್ಯಾಗಜೀನಿಗೆ ಕೇಳೋ ಹಾಗೆ ಕೂಗ್ತೀನಿ! ಇಪ್ಪತ್ತೆರಡು ವರ್ಷ ನಿಮ್ಮನ್ನ ಅಪ್ಪ ಅಂದ್ಕೊಂಡಿದ್ನಲ್ಲ, ನನ್ನ ಬಾಯಿಗೆ ಮಣ್ಣು ಹಾಕ!"

ಮುದುಕನ ಮುಖ ಕಪ್ಪಿಟ್ಟಿತು. ತಡವರಿಸಿ ರೇಡಿಯೋ ಆರಿಸಿದ. ಮೊಳೆಯನ್ನು ಬೆರಳಿಗೆ ತೆಗೆದುಕೊಂಡು ಹೊರಳಿಸಿದ, ಮೂಸಿದ, ಬೆಂಚಿನ ಮೇಲಿಟ್ಟ. ಆಮೇಲೆ ಅವನೂ ಕೂಗಿದ. ನಾನು ಕಲಿಯುತ್ತಿದ್ದಾಗ ಕೂಗುತ್ತಿದ್ದನಲ್ಲ, ಅದೇ ಕೂಗು.

"ಎಡಗಡೆ ಡಿಸ್ಕ್ ಹೇಗಿತ್ತೇ?"

"ಯಾಕೆ?"

"ಕೇಳಿದ್ದಕ್ಕೆ ಹೇಳು! ತುಕ್ಕಿತ್ತಾ, ಹೊಳೀತಿತ್ತಾ?"

"ಹೊಳೀತಿತ್ತು."

"ನಾನು ಆ ಬ್ರೇಕ್ ಮಾಡಿ ಐದು ವಾರ. ಐದು ವಾರ ಬೆಣೆ ಹೊಡ್ಕೊಂಡು ಕೂತ ಬ್ರೇಕಿನ ಡಿಸ್ಕ್ ಹೊಳೆಯುತ್ತಾ? ಈ ಮಳೇಲಿ ಓಡಾಡಿದ್ರೆ ಎರಡೇ ದಿನಕ್ಕೆ ಕೆಂಪಗಾಗಲ್ವಾ? ನನಗೆ ಕಣ್ಣಿಲ್ಲ ಕಣೇ, ನಿನಗೇನಾಗಿದೆ?"

ಡಿಸ್ಕು ಹೊಳೆಯುತ್ತಿದ್ದುದನ್ನು ನೋಡಿದ್ದೆ. ಅದರಲ್ಲಿ ನನ್ನ ಮುಖವನ್ನೇ ನೋಡಿದ್ದೆ. ಎಡಗಡೆಯ ಬ್ರೇಕ್ ಅಪಘಾತದ ದಿನದವರೆಗೂ ಕೆಲಸ ಮಾಡುತ್ತಿತ್ತು.

"ಅಂದ್ರೆ..."

"ಅಂದ್ರೆ ಮೊಳೆ ಹೊಕ್ಕಿದ್ದು ಬಸ್ಸು ಗುದ್ದಿದ ಮೇಲೆ. ನೀನು ಹುಡುಕಲಿ ಅಂತ ಇಟ್ಟಿದ್ದು. ನೀನು ಹುಡುಕಿದೆ, ನನ್ನ ಕುತ್ತಿಗೆ ಹಿಡಿಯೋಕೆ ಓಡಿಬಂದೆ." ಮುದುಕ ಎದೆ ನೀವಿಕೊಂಡ. "ಬೋಟ್ವೆ ಏನಂದ? ಎಳೆದಿದ್ದು ಯಾವಾಗ?"

"ಬ್ರೇಕ್ ಒತ್ತಿದಾಗ ಅಂತ ಹೇಳಿಕೇಲಿ ಇದೆ."

"ಕಾಗದ ಹಾಳಾಗಿಹೋಗಲಿ. ಅವನ ಬಾಯಿಂದ ಏನು ಕೇಳಿದೆ?"

ಕೇಳಿದ್ದೆ. ಮೊದಲ ದಿನ ಲಾಕಪ್ಪಿನ ಸರಳಿನ ಹಿಂದಿನಿಂದ ಬೋಟ್ವೆ ಅತ್ತುಕೊಂಡು ಹೇಳಿದ್ದ. ಅಕ್ಕಾ, ನಾನು ಬ್ರೇಕ್ ಮುಟ್ಟೇ ಇಲ್ಲ. ಗಾಡಿ ತಾನೇ ಎಳೀತಿತ್ತು. ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಹೊರಟರೆ ಸರಿ ಇರ್ತಿತ್ತು, ನಾಲ್ಕು ಸಲ ಬ್ರೇಕ್ ಹಾಕಿದ ಮೇಲೆ ಮತ್ತೆ ಎಳೆತ, ಸುಟ್ಟ ವಾಸನೆ ಬೇರೆ. ಭಯಕ್ಕೆ ಬಡಬಡಿಸುತ್ತಿದ್ದಾನೆ ಅಂದುಕೊಂಡಿದ್ದೆ. ಮಾರನೇ ದಿನ ಕಾಗದ ಓದಿದಾಗ ಕಾಗದವನ್ನೇ ನಂಬಿದ್ದೆ. ಒಡಹುಟ್ಟಿದವನ ಮಾತು ಬಿಟ್ಟು ಮುದ್ರೆ ಒತ್ತಿದ ಕಾಗದ ನಂಬಿದ ನನ್ನ ಬುದ್ಧಿಗೆ ಬೆಂಕಿ ಬೀಳ.

ಅದನ್ನೆಲ್ಲ ಮುದುಕನಿಗೆ ಹೇಳಿದೆ. ಹೇಳುತ್ತಿದ್ದ ಹಾಗೇ ನನಗೆ ಎಲ್ಲವೂ ಕಾಣತೊಡಗಿತು.

"ಬಲಗಡೆ ಡಿಸ್ಕು?" ಅಂದ.

"ಮಣ್ಣಿನ ಕೆಳಗೆ ನೀಲಿ ಇತ್ತು."

"ಸುಟ್ಟ ಕಬ್ಬಿಣ," ಅಂದ ಮುದುಕ. ಈಗ ಅವನ ದನಿ ತಗ್ಗಿತ್ತು. "ಬಲಗಡೆ ಬ್ರೇಕ್ ಕಚ್ಚಿದ್ದು ಬಿಡ್ತಾನೇ ಇರಲಿಲ್ಲ. ಕಾಲು ತೆಗೆದರೂ ಬಿಡ್ತಿರಲಿಲ್ಲ. ತಣ್ಣಗಾದಾಗ ಬಿಡ್ತಿತ್ತು. ಪೈಪು ತಂದಿದೀಯಾ?"

ಚೀಲದಿಂದ ಬಲಗಡೆಯ ರಬ್ಬರ್ ಪೈಪನ್ನು ತೆಗೆದು ಕೊಟ್ಟೆ. ಮುದುಕ ಒಂದು ತುದಿಗೆ ಬಾಯಿಟ್ಟು ಊದಿದ. ಗಾಳಿ ಇನ್ನೊಂದು ತುದಿಯಿಂದ ನನ್ನ ಅಂಗೈಗೆ ತಾಕಿತು. ತಿರುಗಿಸಿ ಊದಿದ. ಕೆನ್ನೆ ಉಬ್ಬಿತು, ಕುತ್ತಿಗೆಯ ನರ ಎದ್ದವು, ಗಾಳಿ ಬರಲಿಲ್ಲ. ಥೂ ಎಂದು ಎಣ್ಣೆ ಉಗುಳಿದ.

"ಎಣ್ಣೆ ಒಳಗೆ ಹೋಗುತ್ತೆ, ವಾಪಸ್ ಬರಲ್ಲ. ಒಳಗಡೆ ರಬ್ಬರು ಸೀಳಿ ಬಾಗಿಲಿನ ಹಾಗೆ ನಿಂತಿದೆ."

"ಹಳೇದಾಗಿ ಸೀಳಿರಬಹುದು."

"ಐದು ವಾರದ ಹೊಸ ಪೈಪು. ನಾನೇ ಕೈಯಾರೆ ಮುಟ್ಟಿ ಹಾಕಿಸಿದ್ದು."

ಅವನ ಹೆಬ್ಬೆರಳು ಪೈಪಿನ ಮೈಮೇಲೆ ನಿಧಾನವಾಗಿ ಸರಿಯಿತು. ಒಂದು ಕಡೆ ನಿಂತಿತು. ಸ್ವಲ್ಪ ಮುಂದೆ ಹೋಗಿ ಮತ್ತೆ ನಿಂತಿತು. ಮತ್ತೊಮ್ಮೆ.

"ಗ್ರಿಪ್ ಇಕ್ಕಳ," ಅಂದ. ಒಮ್ಮೆ ಕಚ್ಚಿಸಿದರೆ ನಾವಾಗಿ ಬಿಡಿಸುವವರೆಗೆ ಬಿಡದ ಇಕ್ಕಳ ಅದು. "ಮೂರು ಕಡೆ ಕಚ್ಚಿಸಿದಾರೆ. ಕೆಲಸಕ್ಕೆ ಕಚ್ಚಿಸೋರು ಬಟ್ಟೆ ಸುತ್ತಿ ಒಂದೇ ಕಡೆ ಕಚ್ಚಿಸ್ತಾರೆ. ಇದು ಬರೀ ಹಲ್ಲು. ಒಳಗೆ ಹರಿಯಲಿ, ಹೊರಗೆ ಕಾಣದಿರಲಿ ಅಂತ ಲೆಕ್ಕ ಹಾಕಿ ಮಾಡಿದ್ದು. ದಾರಿಹೋಕನ ಕೆಲಸ ಅಲ್ಲ, ಕಲಿತವನ ಕೆಲಸ."

ಪೆಪ್ರಾನನ್ನು ಕೊಂದಿದ್ದಾರೆ. ಬೆಳಿಗ್ಗೆಯಿಂದ ಗಾಡಿಯ ದೋಷ ಹುಡುಕುತ್ತಿದ್ದೆ, ಕೊಲೆಗಾರನನ್ನು ಹುಡುಕಬೇಕೆಂದು ಈಗ ಗೊತ್ತಾಯಿತು. ಕೋಪಕ್ಕೆ ಕಣ್ಣಲ್ಲಿ ನೀರು ಬಂತು. ಆ ಬಸ್ಸಿನಲ್ಲಿ ನನ್ನ ತಮ್ಮನೂ ಇದ್ದನಲ್ಲ. ಇನ್ನೂ ಎಂಟು ಜನ ಇದ್ದರಲ್ಲ.

"ನಿನ್ನ ಬೆರಳು ಕೊಡು," ಅಂದ ಮುದುಕ. ನನ್ನ ತೋರುಬೆರಳನ್ನು ಹಿಡಿದು ಪೈಪಿನ ಗುರುತಿನ ಮೇಲೆ ಇಟ್ಟ. "ಎಣಿಸು."

ಒಂದು ಹಲ್ಲು. ಎರಡು ಹಲ್ಲು. ಆಮೇಲೆ ನುಣುಪು. ಆಮೇಲೆ ನಾಲ್ಕು, ಐದು, ಆರು.

ಮೂರನೇ ಹಲ್ಲು ಇರಲಿಲ್ಲ.

ಕೆಲಸ ಕಲಿತು ಮುಗಿದ ದಿನ ಜಾಮೆರಾ ತನ್ನ ಶಿಷ್ಯರ ತಲೆಗೆ ಬಿಳಿ ಪೌಡರು ಸುರಿದು, ನೆಲಕ್ಕೆ ಮದ್ಯ ಎರೆದು, ಹಿರಿಯರ ಹೆಸರು ಹೇಳಿ ಬಿಡುಗಡೆ ಮಾಡುತ್ತಾನೆ. ಕೈಗೊಂದು ಹತಾರ ಕೊಡುತ್ತಾನೆ. ಕೊಡುವ ಮೊದಲು ಪ್ರತಿ ಹತಾರಕ್ಕೂ ತನ್ನ ಗುರುತು ಹಾಕುತ್ತಾನೆ. ಸುತ್ತಿಗೆಯಾದರೆ ಹಿಡಿಯಲ್ಲಿ ಒಂದು ಕಚ್ಚು. ಇಕ್ಕಳವಾದರೆ ಮೂರನೇ ಹಲ್ಲನ್ನು ಉಜ್ಜಿ ತೆಗೆಯುತ್ತಾನೆ.

ನನಗೆ ಕೊಟ್ಟದ್ದು ಇಕ್ಕಳ.

"ನಿನ್ನದೆಲ್ಲಿ?" ಅಂದ ಮುದುಕ.

"ನನ್ನ ತಮ್ಮನನ್ನ ನಾನೇ ಜೈಲಿಗೆ ಹಾಕಿಸ್ತೀನಾ?"

"ನಾನು ಕೇಳಿದ್ದು ಇಕ್ಕಳ ಎಲ್ಲಿ ಅಂತ."

ಸೊಂಟದಿಂದ ಕಿತ್ತು ಅವನ ಮಡಿಲಿಗೆ ಹಾಕಿದೆ. ಅದರ ಬಾಯಿಯನ್ನು ಪೈಪಿನ ಗುರುತಿಗೆ ಹೊಂದಿಸಿ ನೋಡಿದ. ನನ್ನ ಇಕ್ಕಳದ ಬಾಯಿ ಚಿಕ್ಕದು. ಪೈಪಿನ ಮೇಲಿನ ಗುರುತು ಅದಕ್ಕಿಂತ ಅರ್ಧ ಬೆರಳು ಉದ್ದ ಇತ್ತು. ಮುದುಕ ದೊಡ್ಡದಾಗಿ ಉಸಿರು ಬಿಟ್ಟ. ನಾನೂ ಬಿಟ್ಟೆ.

"ಇಕ್ಕಳ ಅಂತ ನಾನು ಕೊಟ್ಟಿದ್ದು ಇಬ್ಬರಿಗೇ," ಅಂದ. "ಚಿಕ್ಕದು ನಿನಗೆ. ದೊಡ್ಡದು ನಿನಗಿಂತ ಮುಂಚೆ ಕಲಿತವನೊಬ್ಬನಿಗೆ. ನಿನ್ನಷ್ಟೇ ಒಳ್ಳೇ ಕೈ. ಬ್ರೇಕ್ ಕೆಲಸ ಅಂದ್ರೆ ಅವನೇ. ಬೆಣೆ ಹೊಡೆದು ಗಾಡಿ ಕಳಿಸಿದ ಅಂತ ಅವನನ್ನೂ ಹೊಡೆದಿದ್ದೆ. ಬಿಡುಗಡೆ ಆದಮೇಲೆ ಪೆಪ್ರಾನ ಜೊತೆ ಸೇರಿ ವ್ಯಾಪಾರ ಮಾಡ್ತೀನಿ ಅಂತ ಹೋದ. ಅವರಿಬ್ಬರ ಮಧ್ಯೆ ಏನಾಯ್ತೋ, ಒಂದು ದಿನ ಮ್ಯಾಗಜೀನು ಬಿಟ್ಟು ಕಾಣೆಯಾದ."

"ಹೆಸರೇನು ಮಾಸ್ಟರ್?"

"ಹೆಸರಿಟ್ಟು ಯಾರು ಕರೀತಿದ್ರು ಇಲ್ಲಿ? ಶುಂಠಿ ಅಂತಿದ್ವಿ. ಹಗಲೂ ರಾತ್ರಿ ಜಗೀತಿದ್ದ."

ಶೆಡ್ಡಿನ ತಗಡಿನ ಮೇಲೆ ಯಾವುದೋ ಹಕ್ಕಿ ಕೂತು ಎದ್ದುಹೋದ ಸದ್ದು ಕೇಳಿಸಿತು. ಆಗ ನನಗೆ ಒಂದು ಮಾತು ಹೊಳೆಯಿತು. ಈ ಶೆಡ್ಡಿಗೆ ಕಾಲಿಟ್ಟಾಗಿನಿಂದ ಸಾರ್ಜೆಂಟ್ ಓಬಿರಿ ಒಂದು ಸೊಲ್ಲೂ ಎತ್ತಿರಲಿಲ್ಲ. ಐದು ದಿನ ಬಾಯಿ ಮುಚ್ಚದವನು, ಕಣ್ಣು ಕಾಣದ ಮುದುಕನ ಮುಂದೆ ಉಸಿರೂ ಕೇಳದ ಹಾಗೆ ನಿಂತಿದ್ದ.

ಮುದುಕ ಮೂಗನ್ನು ಬಾಗಿಲ ಕಡೆ ತಿರುಗಿಸಿದ.

"ನೀನು ಬಂದಾಗಿನಿಂದ ಕೇಳಬೇಕು ಅಂತಿದ್ದೆ ಸಾರ್ಪೋಮಾ," ಅಂದ ಮೆಲ್ಲಗೆ. "ಶುಂಠಿ ವಾಸನೆ ಬರ್ತಿದೆ, ನಿನಗಂತೂ ಆ ಅಭ್ಯಾಸ ಇಲ್ಲ. ಯಾರನ್ನ ಜೊತೆಗೆ ಕರ್ಕೊಂಡು ಬಂದಿದೀಯ?"

ತಿರುಗಿ ನೋಡಿದೆ. ಓಬಿರಿ ಬಾಗಿಲಿನ ಎರಡು ರೆಕ್ಕೆಗಳನ್ನೂ ಒಳಗಿನಿಂದ ಮುಚ್ಚಿ ಅದಕ್ಕೆ ಒರಗಿ ನಿಂತಿದ್ದ. ಒಂದು ಹಳೇ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಿದ್ದ. ಮೊದಲು ಬೆರಳ ಸಂದು, ಆಮೇಲೆ ಉಗುರು, ಕೊನೆಗೆ ಅಂಗೈ. ಜಾಮೆರಾ ನಮಗೆಲ್ಲ ಕಲಿಸಿದ ಹಾಗೆ.

"ಚೆನ್ನಾಗಿದೀರಾ ಮಾಸ್ಟರ್," ಅಂದ.

ಮುದುಕನ ಮಡಿಲಿನಿಂದ ಪೈಪನ್ನು ಕಿತ್ತು ಎದೆಗೆ ಅವಚಿಕೊಂಡೆ. ಇನ್ನೊಂದು ಕೈಯಲ್ಲಿ ನನ್ನ ಇಕ್ಕಳ ಎತ್ತಿಕೊಂಡೆ. "ಹತ್ತಿರ ಬಂದರೆ ತಲೆ ಒಡೀತೀನಿ. ಇದು ಕೋರ್ಟಿಗೆ ಹೋಗುತ್ತೆ. ಸೋಮವಾರ ನನ್ನ ತಮ್ಮ ಹೊರಗೆ ಬರ್ತಾನೆ, ನೀನು ಒಳಗೆ ಹೋಗ್ತೀಯ."

ಓಬಿರಿ ಕದಲಲಿಲ್ಲ. ಸೊಂಟದಿಂದ ಬೀಗದ ಕೈಗಳ ಬಳೆ ತೆಗೆದು ತೋರುಬೆರಳಿಗೆ ಸಿಕ್ಕಿಸಿಕೊಂಡು ತಿರುಗಿಸಿದ.

"ಆ ಪೈಪು ಇಲ್ಲಿ ಕೊಡಿ ಅಕ್ಕಾ," ಅಂದ. ಅದೇ ಮೆತ್ತನೆಯ ದನಿ. "ಬೆಳಿಗ್ಗೆ ನೀವು ಕೊಟ್ಟ ಊಟದ ಡಬ್ಬಿ ಇನ್ನೂ ನನ್ನ ಬೈಕಲ್ಲೇ ಇದೆ. ನಿಮ್ಮ ತಮ್ಮ ಹಸ್ಕೊಂಡು ಕೂತಿದಾನೆ. ಅವನಿಗೆ ಅದನ್ನ ಬಡಿಸೋನು ನಾನೇ ಅಲ್ವಾ?"